ಬಾಂಬ್ ಬಿದ್ದಾಗ ಹಾಲು ಉಕ್ಕಿದ್ದು

ನನ್ನ ಪುಸ್ತಕ ಬಂದಾಗಿನಿಂದ ತಿಂಗಳಿಗೆ ಒಂದು ಸಲವಾದರೂ ಗರ ಬಡಿದವನ ಹಾಗೆ ನಿಂತುಬಿಡ್ತೀನಿ. ಎಪ್ಪತ್ತೊಂದರ ಯುದ್ಧದಲ್ಲೂ ಇಷ್ಟು ಸಲ ನಿಂತಿರಲಿಲ್ಲ.

ನಾನು ಆರ್ಮಿಯಲ್ಲಿ ಲಾರಿ ಡ್ರೈವರ್ ಆಗಿದ್ದೆ. ಏಳನೇ ಕ್ಲಾಸ್ ಫೇಲು. ಬಸ್ಸಿನ ಬೋರ್ಡ್ ಓದ್ತೀನಿ, ಪುಸ್ತಕ ಓದೋ ಅಭ್ಯಾಸ ಇಲ್ಲ. ಆ ಯುದ್ಧದಲ್ಲಿ ಬಾಂಬ್ ಬಿದ್ದು ಲಾರಿ ಸುಟ್ಟುಹೋಯ್ತು. ಎರಡು ದಿನ ಒಂದು ಹೊಂಡದಲ್ಲಿ ಬಿದ್ದಿದ್ದೆ. ಜೊತೆಗಾರ ಅಲ್ಲೇ ಸತ್ತ. ನಾನು ಉಳಿದೆ.

ಇದನ್ನ ಬರೆದಿಡಬೇಕು ಅಂತ ಹಠ ಹಿಡಿದವಳು ನಮ್ಮನೆಯವಳು. ಅವಳು ಎಸ್ಸೆಸ್ಸೆಲ್ಸಿ ಪಾಸು. ಹಲಸೂರಿನ ನಮ್ಮ ಅಡುಗೆಮನೆಯಲ್ಲಿ, ಅಕ್ಕಿ ಡ್ರಮ್ಮಿನ ಮೇಲೆ ನೋಟ್‌ಬುಕ್ ಇಟ್ಕೊಂಡು ಅವಳು ಬರೆಯೋಳು. ಬಾಗಿಲ ಹತ್ತಿರ ಮಣೆ ಹಾಕ್ಕೊಂಡು ನಾನು ಹೇಳೋನು. ಆರು ನೋಟ್‌ಬುಕ್ ಆಯ್ತು. ಆಮೇಲೆ ಅವಳೇ ಹೋಗಿಬಿಟ್ಟಳು.

ಈಗ ಈ ಕತೆ ನಾನೇ ಬರೀತಾ ಇದೀನಿ. ಅದಕ್ಕೇ ಇಷ್ಟು ನಿಧಾನ.

ಹಾಲು

ದೊಮ್ಮಲೂರಲ್ಲಿ ಒಬ್ಬರು ರಿಟೈರ್ಡ್ ಕನ್ನಡ ಮೇಷ್ಟ್ರು ಇದ್ದಾರೆ. ನೋಟ್‌ಬುಕ್ ತಿದ್ದಿ ಪುಸ್ತಕ ಮಾಡಿಸ್ತೀನಿ ಅಂತ ತಗೊಂಡು ಹೋದರು. ವಾರ ಬಿಟ್ಟು ಕರೆದರು. ಹೋದರೆ ಅವರ ಕಣ್ಣು ಒದ್ದೆ.

"ಯಜಮಾನ್ರೇ, ಇಲ್ಲಿ ಕೇಳಿ. 'ಬಾಂಬ್ ಬಿತ್ತು. ಲಾರಿ ಮೇಲಕ್ಕೆ ಹಾರಿತು. ಎಲ್ಲೆಲ್ಲೂ ಬೆಂಕಿ. ಹಾಲು ಉಕ್ಕಿತು.' ಏನ್ರೀ ಇದು!"

ನನಗೂ ಅದೇ ಅನ್ನಿಸ್ತು. ಏನಿದು? ಹಾಲಿನ ಮಾತೇ ನಾನು ಎತ್ತಿರಲಿಲ್ಲ.

"ಬೆಂಕಿ ನಡುವೆ ಹಾಲು! ತಾಯಿ, ಮನೆ, ಊರು, ಎಲ್ಲ ಎರಡೇ ಮಾತಲ್ಲಿ. ಇದು ರೂಪಕ ಕಣ್ರೀ, ರೂಪಕ!"

ಆಗ ಹೊಳೀತು. ಒಲೆ ಮೇಲೆ ಏನಾದರೂ ಆದರೆ ಅವಳು ಬರೆಯೋದು ಬಿಟ್ಟು ಏಳಬೇಕಿತ್ತು. ಏಳೋ ಮುಂಚೆ ಏನೋ ಒಂದು ಗೀಚಿಯೇ ಏಳೋಳು. ಏನದು ಅಂದರೆ, "ಎಲ್ಲಿ ಬಿಟ್ಟೆ ಅಂತ ಗುರುತು, ನೀವು ಸುಮ್ನಿರಿ" ಅನ್ನೋಳು. ಯಾಕೆ ಎದ್ದಳೋ ಅದನ್ನೇ ಬರೆದಿಟ್ಟಿದಾಳೆ. ನನಗೆ ಓದಿ ಹೇಳುವಾಗ ಅದನ್ನ ಬಿಟ್ಟು ಓದ್ತಿದ್ದಳು.

ಹೇಳೋಣ ಅಂತ ಬಾಯಿ ತೆಗೆದೆ. ಮೇಷ್ಟ್ರು ಕೆಂಪು ಪೆನ್ನು ಎತ್ತಿ ತೋರಿಸಿದರು. "ಯುದ್ಧಕ್ಕೆ ಸಂಬಂಧ ಇಲ್ಲದ್ದೆಲ್ಲ ಹೊಡೆದು ಹಾಕಿದೀನಿ. ನಿಮ್ಮ ಲಾರಿ ಗೇರ್‌ಬಾಕ್ಸಿನ ಕತೆ, ಹದಿನಾಲ್ಕು ಪುಟ, ಹೋಯ್ತು."

ಬಾಯಿ ಮುಚ್ಚಿದೆ. ನಿಜ ಹೇಳಿದರೆ ಅವಳ ಸಾಲೂ ಹೋಗುತ್ತೆ. ನನ್ನದು ಹೋದರೆ ಹೋಗಲಿ. ಅವಳು ಬರೆದದ್ದು ಅಂತ ನನ್ನ ಹತ್ತಿರ ಬೇರೆ ಏನೂ ಇಲ್ಲ.

"ಆ ಹಾಲು ನೋಡಿ ನಿಮಗೆ ಏನನ್ನಿಸ್ತು?" ಮೇಷ್ಟ್ರು ಬಿಡಲಿಲ್ಲ.

"ಏನನ್ನಿಸೋದು? ಅರ್ಧ ಲೀಟರ್ ಪೂರ್ತಿ ಹೋಯ್ತು."

ಅದನ್ನೂ ಬರ್ಕೊಂಡರು.

ನೀರು

ಪುಸ್ತಕ ಅಚ್ಚಾಯ್ತು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಒಂದು ಕಾಫಿ ಅಂಗಡಿ. ಅದರ ಮಹಡಿ ಮೇಲೆ ಪುಸ್ತಕ ಓದೋರೆಲ್ಲ ಸೇರ್ತಾರಂತೆ. ನನ್ನನ್ನೂ ಕರೆದರು. ಮೆತ್ತನೆ ಕುರ್ಚಿ. ಕೂತರೆ ಏಳೋದು ಕಷ್ಟ.

ಒಬ್ಬ ಹೆಣ್ಣುಮಗಳು ಓದಿದಳು. "ನಾಲಿಗೆ ಒಣಗಿ ಕಟ್ಟಿಗೆ ಆಗಿತ್ತು. ಜೊತೆಗಾರ ನೀರು ನೀರು ಅಂದ. ಸುತ್ತ ಬರೀ ಮರಳು. ನೀರು ಬಂತು."

ಇನ್ನೊಂದು!

ಅವರಲ್ಲೇ ಜಗಳ ಶುರುವಾಯ್ತು. ಅದು ಭ್ರಮೆ ಅಂತ ಒಬ್ಬ. ಅಲ್ಲ ಮಗಾ, ಅದು ಹೋಪ್ ಅಂತ ಇನ್ನೊಬ್ಬ. ಅರ್ಧ ಗಂಟೆ ಆಯ್ತು. ಕೊನೆಗೆ ಎಲ್ಲ ನನ್ನ ಕಡೆ ತಿರುಗಿದರು.

"ಸರ್, ನೀವೇ ಹೇಳಿ. ನೀರು ನಿಜವಾಗ್ಲೂ ಬಂತಾ?"

ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. "ಬಂತಮ್ಮ. ಒಂದಿನ ಬಿಟ್ಟು ಒಂದಿನ ಬರ್ತಿತ್ತು. ಬೆಳಿಗ್ಗೆ ಆರೂವರೆಗೆ."

ಆ ಹೆಣ್ಣುಮಗಳು ಕಣ್ಣೊರೆಸಿಕೊಂಡಳು. "ಮನಸ್ಸು ಎಷ್ಟು ಸಹಿಸಿದೆ ನೋಡಿ. ಪಾಪ, ಟೈಮ್ ಕೂಡ ಹೇಳ್ತಾರೆ."

ಮೇಲ್ಮನೆಯವಳು

ನಮ್ಮ ಮೇಲಿನ ಮನೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ತಮಿಳಿನವಳು. ನಮ್ಮನೆಯವಳ ಜೀವದ ಗೆಳತಿ. ಮೇಷ್ಟ್ರು ಹಲಸೂರಲ್ಲೇ ಒಂದು ಸಣ್ಣ ಸಭೆ ಮಾಡಿಸಿದಾಗ ಅವಳು ಮುಂದಿನ ಸಾಲಲ್ಲಿ ಕೂತಿದ್ದಳು, ರೇಷ್ಮೆ ಸೀರೆ ಉಟ್ಟು.

ಪುಸ್ತಕಕ್ಕೆ ಮೇಷ್ಟ್ರು ಇಪ್ಪತ್ತೆರಡು ಪುಟ ಮುನ್ನುಡಿ ಬರೆದಿದ್ದರು. ಅದನ್ನೇ ಓದಿದರು. ಮೊದಲು ಬದನೆಕಾಯಿ ಬಂತು. ಪುಸ್ತಕದಲ್ಲಿ ಹೀಗಿತ್ತಂತೆ: "ದೊಡ್ಡ ಸಾಹೇಬರು ಬಂದರು. ಸೆಲ್ಯೂಟ್ ಹೊಡೆದೆವು. ಬದನೆಕಾಯಿ ತುಂಬ ಹುಳ." ಅಧಿಕಾರ ಹೊರಗೆ ಹೊಳೆಯುತ್ತೆ, ಒಳಗೆ ಕೊಳೆತಿರುತ್ತೆ ಅಂತ ಮೇಷ್ಟ್ರು ನಾಲ್ಕು ಪುಟ ಬರೆದಿದ್ದರು.

ನಾನು ನೆಲ ನೋಡಿದೆ.

ಆಮೇಲೆ ಓದಿದರು. "'ವಿಮಾನದ ಸದ್ದು ಕೇಳಿತು. ಎಲ್ಲರೂ ಮಲಗಿಬಿಟ್ಟೆವು. ಮೇಲ್ಮನೆಯವಳು ಬಂದಳು. ಇನ್ನು ಒಂದು ಗಂಟೆ ಏನೂ ಆಗಲ್ಲ.' ಮಹನೀಯರೇ, ಯಾರು ಈ ಮೇಲ್ಮನೆಯವಳು? ಸಾಕ್ಷಾತ್ ಮೃತ್ಯು! ಕರೆಯದೆ ಬರುತ್ತಾಳೆ, ಬಂದರೆ ಬೇಗ ಹೋಗುವುದಿಲ್ಲ!"

ಓರೆಗಣ್ಣಲ್ಲಿ ನೋಡಿದೆ. ಅವಳ ಬಾಯಿ ತೆರೆದೇ ಇತ್ತು.

ಸಂಜೆ ಮನೆಗೆ ಬಂದಳು. "ಅಣ್ಣಾ, ಅದು ನಾನ್ ತಾನೆ?"

"ಹೌದಮ್ಮ. ಯಾರಿಗೂ ಹೇಳ್ಬೇಡ. ಹೇಳಿದ್ರೆ ತೆಗೆದುಬಿಡ್ತಾರೆ."

"ಸಾವು ಅಂದ್ರೆ ಅನ್ಲಿ. ಅಕ್ಕ ನನ್ನ ಬರ್ದವ್ಳೆ, ಅಷ್ಟು ಸಾಕು." ಸೆರಗಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನೆನಪಾಯ್ತು. "ಆದ್ರೆ ಒಂದು ಗಂಟೆನಾ? ನಾನು ಹತ್ತು ನಿಮಿಷ ಕೂರ್ತಿದ್ದೆ ಅಣ್ಣಾ. ಹತ್ತೇ ನಿಮಿಷ!"

ಹತ್ತೇ ನಿಮಿಷ ಅನ್ನೋದನ್ನ ನನಗೆ ಒಪ್ಪಿಸೋಕೆ ಅವಳಿಗೆ ಒಂದೂವರೆ ಗಂಟೆ ಹಿಡೀತು.

ಕೊನೆ ಸಾಲು

ಹೋದ ತಿಂಗಳು ಕೆ.ಆರ್. ಪುರದ ಒಂದು ಕಾಲೇಜಿಗೆ ಕರೆದರು. ಅಲ್ಲಿ ನನ್ನ ಪುಸ್ತಕ ಪಾಠ ಮಾಡ್ತಾರಂತೆ. ಮೇಷ್ಟ್ರೂ ಬಂದರು. ಎರಡನೇ ಸಲ ಅಚ್ಚಿಗೆ ಹೋಗ್ತಿದೆ, ಮತ್ತೆ ತಿದ್ದಬೇಕು ಅಂತ ಜೇಬಲ್ಲಿ ಕೆಂಪು ಪೆನ್ನು.

ಒಬ್ಬಳು ಹುಡುಗಿ ಎದ್ದು ನಿಂತಳು. "ತಾತ, ಕೊನೆ ಸಾಲು ಅರ್ಥ ಆಗ್ಲಿಲ್ಲ. 'ಅವನ ಕಣ್ಣು ನಾನೇ ಮುಚ್ಚಿದೆ. ಅವನ ಕೈ ಬಿಡಲಿಲ್ಲ. ಸಾಕು ಇವತ್ತಿಗೆ. ಏಳಿ, ಅನ್ನ ಆರುತ್ತೆ.' ಹೊಂಡದಲ್ಲಿ ಇದ್ದದ್ದು ನೀವಿಬ್ಬರೇ. ಅವರು ಸತ್ತುಹೋದ್ರು. ಏಳಿ ಅಂದಿದ್ದು ಯಾರು?"

ಮೇಷ್ಟ್ರು ಮೈಕ್ ಎಳ್ಕೊಂಡರು. "ಅದು ಅಂತರಾತ್ಮದ..."

"ಅಲ್ಲ," ಅಂದೆ. ನನಗೇ ಗೊತ್ತಿಲ್ಲದೆ ಬಂದುಬಿಡ್ತು.

ಆ ದಿನ ನೆನಪಿದೆ. ಅವನು ಸತ್ತದ್ದು ಹೇಳಿ ಮುಗಿಸಿ ನಾನು ಮಣೆ ಮೇಲೆ ಹಾಗೇ ಕೂತಿದ್ದೆ. ಅವಳು ಏನೋ ಗೀಚಿದಳು. ಎದ್ದಳು. ತಟ್ಟೆ ಇಟ್ಟಳು.

"ಏಳಿ ಅಂದಿದ್ದು ನಮ್ಮನೆಯವಳು," ಅಂದೆ. ಹಾಲು, ನೀರು, ಮೇಲ್ಮನೆಯವಳು, ಎಲ್ಲ ಹೇಳಿಬಿಟ್ಟೆ. "ಅದು ಯುದ್ಧದ್ದಲ್ಲ ಮೇಷ್ಟ್ರೇ. ಅವಳದ್ದು. ಹೊಡೆದು ಹಾಕ್ಬೇಡಿ, ಕೈ ಮುಗಿತೀನಿ."

ಮೇಷ್ಟ್ರ ಮುಖ ಬಿಳುಚಿಕೊಂಡಿತು. ಆಮೇಲೆ ಮೆಲ್ಲಗೆ ಕೇಳಿದರು.

"ಯಜಮಾನ್ರೇ... ಬದನೆಕಾಯಿ?"

"ಹಲಸೂರು ಮಾರ್ಕೆಟ್ದು ಮೇಷ್ಟ್ರೇ. ನಾನೇ ತಂದಿದ್ದೆ. ಬೈಸ್ಕೊಂಡೆ."

ಮೇಷ್ಟ್ರು ಕೆಂಪು ಪೆನ್ನು ತೆಗೆದರು. ಪುಸ್ತಕ ಬಿಡಿಸಿ, ಮೊದಲನೇ ಪುಟದಿಂದ ಇಪ್ಪತ್ತೆರಡನೇ ಪುಟದವರೆಗೆ ಒಂದೊಂದಕ್ಕೂ ಅಡ್ಡಗೆರೆ ಎಳೆದರು.

"ಆ ತಾಯಿ ಬರೆದದ್ದು ಒಂದಕ್ಷರ ಹೋಗಲ್ಲ," ಅಂದರು. "ನನ್ನ ಮುನ್ನುಡಿ ಹೋಗುತ್ತೆ."

ಹುಡುಗರೆಲ್ಲ ಎದ್ದು ನಿಂತು ಚಪ್ಪಾಳೆ. ಶಿಳ್ಳೆ ಬೇರೆ. ಕೆಲವರು ಅಳ್ತಾ ಇದ್ದರು. ನಮ್ಮನೆಯವಳ ಮೇಲೆ ಇವರಿಗೆ ಎಷ್ಟು ಪ್ರೀತಿ ಅಂದ್ಕೊಂಡೆ.

ಪ್ರಶ್ನೆ ಕೇಳಿದ ಹುಡುಗಿ ಓಡಿ ಬಂದು ಕಾಲಿಗೆ ಬಿದ್ದಳು. "ಥ್ಯಾಂಕ್ಸ್ ತಾತ! ಸೋಮವಾರ ನಮಗೆ ಆ ಮುನ್ನುಡಿ ಮೇಲೇ ಟೆಸ್ಟ್ ಇತ್ತು."