ಕಿತ್ತಳೆ ಮತ್ತು ಬೂದಿಯ ರಾಜಿ

ಒಂದೇ ಸೂರಿನಡಿ ಬಾಳಲಾರದ ಎರಡು ಜೀವಗಳು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ಅವು ನನ್ನ ಕಚೇರಿಗೆ ಬಂದಿಲ್ಲ ಎಂದು ನಂಬಿದ್ದವನು ನಾನು. ಕುಟುಂಬ ನ್ಯಾಯಾಲಯದಲ್ಲಿ ಗಂಡ ಹೆಂಡಿರನ್ನು ಕೂರಿಸಿ ರಾಜಿ ಮಾಡಿಸುವುದು ನನ್ನ ಕೆಲಸ. ಬೆನ್ನು ತಿರುಗಿಸಿ ಕುಳಿತವರನ್ನು ಮುಖಾಮುಖಿ ಮಾಡಿದ್ದೇನೆ. ಪಾತ್ರೆ ಎಸೆದವಳ ಕೈಯಿಂದಲೇ ಪಾತ್ರೆ ತಗುಲಿದವನಿಗೆ ಕಾಫಿ ಕೊಡಿಸಿದ್ದೇನೆ. ಇಂಥವನಿಗೆ ಎರಡು ಹಾವು ಯಾವ ಲೆಕ್ಕ!

ಹಾವುಗಳು ಮಗಳವು. ಅವಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಸಹಾಯಕಿ. ಅವಳ ಕೋಣೆಯಲ್ಲಿ ಎರಡು ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೊಂದು ವಿಷವಿಲ್ಲದ ಹಾವು. ಕಿತ್ತಳೆ ಬಣ್ಣದ್ದರ ಹೆಸರು ಕಿತ್ತಳೆ, ಬೂದು ಬಣ್ಣದ್ದರದು ಬೂದಿ. ಕಿತ್ತಳೆ ಮರಿಯಿಂದಲೇ ನಮ್ಮ ಮನೆಯದು. ಕೊಟ್ಟದ್ದನ್ನು ನುಂಗಿ, ಇನ್ನೂ ಇದೆಯೇ ಎಂದು ಕತ್ತೆತ್ತಿ ನೋಡುವ ಸ್ವಭಾವ. ಬೂದಿಯ ಕಥೆ ಬೇರೆ. ಮನೆ ಖಾಲಿ ಮಾಡುವಾಗ ಯಾರೋ ಅದನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ದರು. ಒಣಗಿದ ಹಗ್ಗದ ಹಾಗಿತ್ತು. ಏನು ಕೊಟ್ಟರೂ ಬಾಯಿ ತೆರೆಯುತ್ತಿರಲಿಲ್ಲ. ಮಗಳು ಅದನ್ನು ಮನೆಗೆ ತಂದು, ತಿಂಗಳುಗಟ್ಟಲೆ ಹಟ ಹಿಡಿದು ಉಳಿಸಿಕೊಂಡಳು. ಒಂದು ಸಂಜೆ ಅದು ತಾನಾಗಿಯೇ ಇಲಿ ನುಂಗಿತು. ಅವಳು ಅಡುಗೆಮನೆಗೆ ಬಂದು ಅಮ್ಮನ ಭುಜಕ್ಕೆ ತಲೆಯಾನಿಸಿ ಅತ್ತಳು. ಯಾರು ಹೋದರು ಎಂದು ನಾನು ಗಾಬರಿಯಾದೆ.

"ಬೂದಿ ಊಟ ಮಾಡ್ತು ಅಪ್ಪಾ," ಎಂದಳು.

ಅಂಥ ಮಗಳು ಹದಿನೈದು ದಿನದ ತರಬೇತಿಗೆಂದು ಬೇರೆ ಊರಿಗೆ ಹೊರಟಾಗ ನನಗೆ ಹೇಳಿದ್ದು ಎರಡೇ ಮಾತು. "ಎರಡನ್ನೂ ಒಟ್ಟಿಗೆ ಬಿಡಬೇಡ. ಏನಾದ್ರೂ ಆದ್ರೆ ನನಗೆ ಫೋನ್ ಮಾಡು."

ಅವಳ ರೈಲು ಊರು ದಾಟಿತ್ತೋ ಇಲ್ಲವೋ, ಬೂದಿಯ ಪೆಟ್ಟಿಗೆಗೆ ಶಾಖ ಕೊಡುವ ಬಲ್ಬು ಕೆಟ್ಟಿತು. ಹಾವಿಗೆ ಮೈ ಬೆಚ್ಚಗಿರದಿದ್ದರೆ ತಿಂದದ್ದು ಅರಗುವುದಿಲ್ಲ ಎಂಬಷ್ಟು ನನಗೂ ಗೊತ್ತಿತ್ತು. ಫೋನ್ ಮಾಡಬಹುದಿತ್ತು. ಅಂಗಡಿಗೆ ಹೋಗಿ ಹೊಸ ಬಲ್ಬು ತರಬಹುದಿತ್ತು. ಆದರೆ ಕೋಣೆಯ ನಡುವೆ ನಿಂತು ಎರಡು ಪೆಟ್ಟಿಗೆಗಳನ್ನು ನೋಡುತ್ತಿದ್ದಂತೆ ನನ್ನೊಳಗಿನ ಸಂಧಾನಕಾರ ಎದ್ದು ಕೂತ. ಒಂದು ಕಡೆ ಬೆಳಕು, ಬಿಸಿ, ತುಂಬಿದ ಹೊಟ್ಟೆ. ಇನ್ನೊಂದು ಕಡೆ ಕತ್ತಲೆ, ಚಳಿ, ಒಂಟಿತನ. ನಡುವೆ ಇರುವುದು ಬರೀ ಗಾಜು.

"ಏನ್ರೀ ಮಾಡ್ತಿದ್ದೀರಿ?" ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. ಅವಳು ಹೆರಿಗೆ ವಾರ್ಡಿನ ನರ್ಸ್. ಸಮವಸ್ತ್ರ ತೊಟ್ಟು ಡ್ಯೂಟಿಗೆ ಹೊರಟಿದ್ದಳು.

"ಸಂಸಾರ ಹೂಡ್ತಿದ್ದೀನಿ."

"ಅವಳು ಬೇಡ ಅಂದಿದ್ದಾಳಲ್ಲ."

"ಅವಳಿಗೆ ಹಾವು ಗೊತ್ತು. ನನಗೆ ಸಂಬಂಧ ಗೊತ್ತು."

ಅವಳು ನನ್ನನ್ನು ಒಮ್ಮೆ ನೋಡಿದಳು. ಮದುವೆಯಾದಂದಿನಿಂದ ಆ ನೋಟವನ್ನು ನಾನು ಮೆಚ್ಚುಗೆ ಎಂದೇ ಭಾವಿಸಿಕೊಂಡು ಬಂದಿದ್ದೇನೆ.

ಬೂದಿಯನ್ನು ಎತ್ತಿ ಕಿತ್ತಳೆಯ ಮನೆಗೆ ಇಳಿಸಿದೆ. ಜಗಳವಿಲ್ಲ, ಬುಸುಗುಟ್ಟುವಿಕೆಯಿಲ್ಲ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಎರಡೂ ಬಲ್ಬಿನ ಕೆಳಗಿನ ಮಣ್ಣಿನ ಗೂಡಿನಲ್ಲಿ ಒಂದರ ಮೇಲೊಂದು ಸುತ್ತಿಕೊಂಡು ಮಲಗಿವೆ. ಕಿತ್ತಳೆಯ ಮೈ ಮೇಲೆ, ಬೂದಿಯ ಮೈ ಕೆಳಗೆ. ಯಾರ ಬಾಲ ಎಲ್ಲಿ ಮುಗಿಯಿತು, ಯಾರದು ಎಲ್ಲಿ ಮೊದಲಾಯಿತು ಎಂದು ತಿಳಿಯದಂಥ ಅಪ್ಪುಗೆ. ನನ್ನ ಕಣ್ಣು ತುಂಬಿ ಬಂತು. ಫೋಟೊ ತೆಗೆದೆ.

ಆ ಫೋಟೊವನ್ನು ಕಚೇರಿಗೂ ಒಯ್ದೆ. ಅವತ್ತು ಎದುರಿಗಿದ್ದವರು ಮೂರನೇ ಸಲ ಬಂದಿದ್ದ ದಂಪತಿ. ಗಂಡ ಬಾಯ್ತುಂಬ ಮಾತಾಡುವವನು, ಹೆಂಡತಿ ಸೆರಗಿನ ದಾರ ಕೀಳುತ್ತ ಕೂರುವವಳು. "ನೋಡಿ," ಎಂದೆ ಮೊಬೈಲು ಚಾಚಿ. "ನಾಲಿಗೆ ಎರಡಾಗಿ ಸೀಳಿರುವ ಪ್ರಾಣಿಗಳೇ ಹೀಗೆ ಹೊಂದಿಕೊಂಡಿವೆ."

ಗಂಡ ತಲೆದೂಗಿದ. ಹೆಂಡತಿ ಫೋಟೊವನ್ನು ಬಹಳ ಹೊತ್ತು ನೋಡಿದಳು.

"ಸರ್, ಕೆಳಗಿರೋದು ಊಟ ಮಾಡ್ತಿದೆಯಾ?" ಎಂದಳು.

ಕವಿತೆ ಎದುರಿಗಿರುವಾಗ ಊಟದ ಮಾತೆತ್ತುತ್ತಾಳಲ್ಲ ಎಂದು ನನಗೆ ಬೇಸರವಾಯಿತು. ಆದರೂ ಅದು ಊಟದ ದಿನವೆಂದು ನೆನಪಾದದ್ದು ಅವಳ ಮಾತಿನಿಂದಲೇ.

ಹಾವಿನ ಊಟ ನಮ್ಮ ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಡಬ್ಬಿಯೊಳಗಿರುತ್ತದೆ. ಆ ಡಬ್ಬಿಯನ್ನು ಆಸೆಯಿಂದ ತೆರೆದ ನೆಂಟರು ಮತ್ತೆ ನಮ್ಮ ಮನೆಯತ್ತ ಸುಳಿದಿಲ್ಲ. ಸಂಜೆ ಎರಡು ಇಲಿಗಳನ್ನು ತೆಗೆದು, ಬಿಸಿನೀರಿನಲ್ಲಿ ಹದ ಮಾಡಿ, ಸಹಪಂಕ್ತಿ ಭೋಜನ ಏರ್ಪಡಿಸಿದೆ. ಅತಿಥಿಗಳಿಬ್ಬರಿಗೂ ಬೇಕಾದದ್ದು ಒಂದೇ ಇಲಿ. ಕಿತ್ತಳೆ ತಲೆಯ ಕಡೆಯಿಂದ ಹಿಡಿಯಿತು, ಬೂದಿ ಬಾಲದ ಕಡೆಯಿಂದ. ಹಂಚಿಕೊಂಡು ತಿನ್ನುವ ಸಂಸ್ಕಾರ ಎಂದು ನಾನು ಇನ್ನೊಂದು ಫೋಟೊಗೆ ಸಿದ್ಧನಾದೆ. ಹಾವಿಗೆ ಅರ್ಧಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಇಲಿ ಮುಗಿಯಿತು, ಕಿತ್ತಳೆ ಮುಗಿಸಲಿಲ್ಲ. ಅದರ ಬಾಯಿ ಇಲಿಯನ್ನು ದಾಟಿ ಬೂದಿಯ ಮೂತಿಗೆ ಬಂತು, ಮೂತಿಯಿಂದ ಕಣ್ಣಿನವರೆಗೆ ಏರಿತು. ಬೂದಿಯ ಮೈ ಗಾಜಿಗೆ ಬಡಿಯತೊಡಗಿತು.

"ಕಿತ್ತಳೆ, ಸ್ವಲ್ಪ ಯೋಚಿಸು," ಎಂದು ಕೂಗಿದೆ. ಕಚೇರಿಯಲ್ಲಿ ನಾನು ಆಡುವ ಮಾತು ಅದು. ಬೇರೆ ಯಾವ ಮಾತೂ ಬಾಯಿಗೆ ಬರಲಿಲ್ಲ.

ಹೆಂಡತಿ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. ನನ್ನ ಕೂಗು ಕೇಳಿ ಓಡಿಬಂದವಳು ಒಂದೇ ನೋಟದಲ್ಲಿ ಎಲ್ಲವನ್ನೂ ಅರ್ಥ ಮಾಡಿಕೊಂಡಳು. ನಾನು ಮಾಡದ ಫೋನನ್ನು ಅವಳು ಮಾಡಿದಳು.

"ಎಳೀಬೇಡ ಅಮ್ಮಾ," ಸ್ಪೀಕರಿನಲ್ಲಿ ಮಗಳ ಸ್ವರ ಕೇಳಿತು. "ಎರಡನ್ನೂ ಒಟ್ಟಿಗೆ ನಲ್ಲಿ ಕೆಳಗೆ ಹಿಡಿ. ತಣ್ಣೀರು ಸಣ್ಣಗೆ ಬಿಡು. ಬಿಡದೇ ಹೋದ್ರೆ ಹತ್ತಿಗೆ ಸ್ಪಿರಿಟ್ ಹಾಕಿ ಕಿತ್ತಳೆ ಬಾಯಿ ಹತ್ತಿರ ತಾ."

ಬಚ್ಚಲಿನಲ್ಲಿ ನಾನು ಎರಡು ಹಾವುಗಳ ಭಾರ ಹೊತ್ತು ನಿಂತೆ. ಹೆಂಡತಿ ಮೊಣಕಾಲೂರಿ ಕುಳಿತು ನೀರು ಬಿಟ್ಟಳು, ಹತ್ತಿ ಹಿಡಿದಳು, ಕಾದಳು. ಎಷ್ಟೋ ತಲೆಗಳನ್ನು ಈ ಲೋಕಕ್ಕೆ ಬರಮಾಡಿಕೊಂಡ ಕೈ ಅದು. ಕಿತ್ತಳೆ ಕೊನೆಗೊಮ್ಮೆ ಬಾಯಿ ಸಡಿಲಿಸಿತು. ಬೂದಿಯ ತಲೆ ಒದ್ದೆಯಾಗಿ, ನಿಧಾನವಾಗಿ ಹೊರಬಂತು.

"ಉಸಿರಿದೆ," ಎಂದಳು ಫೋನಿಗೆ. ಆ ಕಡೆಯಿಂದ ಅಳು ಮಾತ್ರ ಕೇಳಿಸಿತು. ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಮದುವೆಯಾದಂದಿನಿಂದ ನಾನು ಮೆಚ್ಚುಗೆ ಎಂದುಕೊಂಡಿದ್ದ ಆ ನೋಟ ಏನೆಂದು ಆಗ ನನಗೆ ತಿಳಿಯಿತು.

ಮಗಳು ತರಬೇತಿ ಬಿಟ್ಟು ಮರುದಿನವೇ ಬಂದಳು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಅವಳು ಹೊಸ ಬಲ್ಬು ಹಾಕಿ, ಬೂದಿಯ ಗಾಯಕ್ಕೆ ಮುಲಾಮು ಹಚ್ಚಿದಳು. ನಾನು ಮೊದಲ ದಿನದ ಫೋಟೊ ತೋರಿಸಿದೆ. "ಮೊದಲು ಚೆನ್ನಾಗೇ ಇದ್ವು ಕಣೇ. ನೋಡು, ಹೇಗೆ ಅಪ್ಪಿಕೊಂಡಿದ್ವು."

"ಅಪ್ಪಿಕೊಂಡಿಲ್ಲ ಅಪ್ಪಾ. ಬೆಚ್ಚಗಿನ ಜಾಗ ಅದೊಂದೇ ಇತ್ತು. ಬೂದಿನ ಕೆಳಗೆ ಹಾಕಿ ಕಿತ್ತಳೆ ಆ ಜಾಗ ಹಿಡ್ಕೊಂಡಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ದಣಿವಿತ್ತು.

ಬೂದಿ ಮತ್ತೆ ಊಟ ಬಿಟ್ಟಿತು. ಮಗಳ ಅಷ್ಟು ತಿಂಗಳ ಶ್ರಮ ನನ್ನ ಒಂದೇ ಸಂಧಾನದಲ್ಲಿ ಮಣ್ಣುಪಾಲಾಗಿತ್ತು. ಅವಳು ಇಲಿ ಇಟ್ಟು ಬರುವಳು, ಮತ್ತೆ ತೆಗೆಯುವಳು. ನಾನು ಕಚೇರಿಯಿಂದ ಬಂದವನೇ ಗಾಜಿಗೆ ಹಣೆಯಾನಿಸಿ ಕೂರತೊಡಗಿದೆ. ಊಟದ ವೇಳೆಯಲ್ಲಂತೂ ಕದಲುತ್ತಲೇ ಇರಲಿಲ್ಲ. ಅದರ ಪಕ್ಕೆಯ ಚರ್ಮ ಸುಕ್ಕುಗಟ್ಟುತ್ತಿರುವುದು ಕಾಣುತ್ತಿತ್ತು. ಒಂದು ಸಂಜೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಬೂದಿ," ಎಂದೆ. "ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವಳನ್ನ ನಾನು ಕೇಳಲಿಲ್ಲ."

"ಅದಕ್ಕೆ ಕಿವಿ ಎಲ್ಲಿದೆ?" ಹಿಂದಿನಿಂದ ಹೆಂಡತಿಯ ದನಿ. "ಇಡೀ ಊರಿನ ಗಂಡಸರ ಕೈಲಿ ಕ್ಷಮೆ ಕೇಳಿಸೋರು ನೀವು. ಆ ಮಾತು ಕೇಳಿಸ್ಕೋಬೇಕಾದೋಳು ಇಲ್ಲೇ ನಿಂತಿದ್ದಾಳೆ."

ತಿರುಗಿದೆ. ಇಕ್ಕಳದಲ್ಲಿ ಇಲಿ ಹಿಡಿದು ಮಗಳು ನಿಂತಿದ್ದಳು. ದಂಪತಿಗಳಿಗೆ ನಾನು ಸಲೀಸಾಗಿ ಹೇಳಿಕೊಡುವ ಆ ಒಂದು ಶಬ್ದ ಗಂಟಲಿನಲ್ಲಿ ಎಷ್ಟು ಅಗಲವಾಗಿರುತ್ತದೆ ಎಂದು ನನಗೆ ಆವರೆಗೆ ತಿಳಿದಿರಲಿಲ್ಲ.

"ತಪ್ಪಾಯ್ತು ಮಗಳೇ."

ಅವಳು ಇಕ್ಕಳ ಕೆಳಗಿಳಿಸಿದಳು. "ಹೂಂ," ಎಂದಳು. "ಅಪ್ಪಾ, ಸ್ವಲ್ಪ ಹೊರಗಿರ್ತೀಯಾ?"

ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಕಚೇರಿಯಲ್ಲಿ ನಾನು ಹೊರಗೆ ಕಾಯಿಸುವ ಜನರ ಹಾಗೆ ಗೋಡೆಗೊರಗಿ, ಕೈಕಟ್ಟಿ ನಿಂತೆ. ಬಹಳ ಹೊತ್ತಾದ ಮೇಲೆ ಬಾಗಿಲು ಸದ್ದಿಲ್ಲದೆ ತೆರೆಯಿತು. ಮಗಳ ಕಣ್ಣು ಒದ್ದೆಯಾಗಿತ್ತು. ಇಕ್ಕಳ ಖಾಲಿಯಾಗಿತ್ತು.

"ತಿಂತಾ?"

"ತಿಂತು."

ನನ್ನ ಎದೆ ಉಬ್ಬಿತು. "ನೋಡಿದೆಯಾ? ಮನಸ್ಸು ಬಿಚ್ಚಿ ಒಂದು ಸಲ ತಪ್ಪಾಯ್ತು ಅಂದ್ರೆ ಎಂಥ ಜೀವವೂ ಕರಗುತ್ತೆ. ನಾನು ಕ್ಷಮೆ ಕೇಳಿದ್ದಕ್ಕೇ..."

"ಅಲ್ಲ ಅಪ್ಪಾ," ಎಂದಳು ಮಗಳು, ಮೆಲ್ಲಗೆ ನನ್ನ ತೋಳು ಹಿಡಿದು. "ನೀನು ಹೊರಗೆ ಹೋಗಿದ್ದಕ್ಕೆ."