ಇಸ್ತ್ರಿ ಹಾಕಿದ ನಾಯಿ

ಹೊಲಿಗೆ ಎಷ್ಟೇ ಕೆಟ್ಟಿದ್ದರೂ ಒಂದು ಬಿಸಿ ಇಸ್ತ್ರಿ ಅದನ್ನು ಮುಚ್ಚಿಬಿಡುತ್ತದೆ ಎಂಬುದು ಬೀದಿಗೆಲ್ಲ ಟೈಲರ್ ಮಾಮ ಎನಿಸಿಕೊಂಡವರ ವೃತ್ತಿರಹಸ್ಯ. ತಪ್ಪು ಗೊತ್ತಾಗುವುದು ಗಿರಾಕಿ ಮನೆಗೆ ಹೋಗಿ ತೊಟ್ಟುಕೊಂಡ ಮೇಲೆ ತಾನೇ? (ಅಷ್ಟರಲ್ಲಿ ಮಾಮ ಅಂಗಡಿ ಮುಚ್ಚಿ ಊಟಕ್ಕೆ ಕೂತಿರುತ್ತಾರೆ.) ಈ ವಿದ್ಯೆಯನ್ನು ನಾಯಿಯ ಮೇಲೂ ಪ್ರಯೋಗಿಸಿದ್ದೇ ಎಡವಟ್ಟಾಯಿತು.

ನಾಯಿಯನ್ನು ಚರಂಡಿಯಿಂದ ಎತ್ತಿ ತಂದವರು ಅವರ ಹೆಂಡತಿ.

"ಎರಡು ದಿನ ಇರಲಿ ರೀ. ಒಳ್ಳೆ ಮನೆ ಸಿಕ್ಕಿದ ತಕ್ಷಣ ಕೊಟ್ಟುಬಿಡೋಣ."

ಮೈ ತೊಳೆದು ಹೊಟ್ಟೆಗೆ ಹಾಕಿದ್ದೇ ತಡ, ಆ ಎಳೆಪ್ರಾಯದ ನಾಯಿಯ ಕಾಲಿಗೆ ಸ್ಪ್ರಿಂಗ್ ಬಂತು. ಬಿರುಗಾಳಿ ಎಂದೇ ಹೆಸರಾಯಿತು. ಮನೆಯ ಮುಂಗೋಣೆಯೇ ಅಂಗಡಿಯಾದ್ದರಿಂದ ಅಳತೆಯ ಟೇಪು ಅದರ ನಿತ್ಯದ ಬೇಟೆ. ಒಂದು ದಿನ ಬ್ಯಾಂಕ್ ಮ್ಯಾನೇಜರರ ಪ್ಯಾಂಟಿನ ಒಂದು ಕಾಲನ್ನು ಕಚ್ಚಿಕೊಂಡು ಬೀದಿಯಲ್ಲಿ ಮೆರವಣಿಗೆಯನ್ನೂ ಹೊರಟಿತು.

"ಇದು ಇಲ್ಲೇ ಇದ್ರೆ ಊರೆಲ್ಲಾ ಚಡ್ಡೀಲಿ ಓಡಾಡಬೇಕಾಗುತ್ತೆ ಕಣೇ!" ಎಂದು ಗುಡುಗಿದ ಮಾಮ, ಮನೆ ಹುಡುಕಲು ತಾವೇ ಟೊಂಕ ಕಟ್ಟಿದರು.

ನೋಡಲು ಯಾರಾದರೂ ಬರುವ ದಿನ ಮುಂಜಾನೆಯೇ ನಾಯಿಯನ್ನು ಮೈದಾನಕ್ಕೆ ಕರೆದೊಯ್ದು, ನಾಲಿಗೆ ನೆಲಕ್ಕೆ ತಾಗುವವರೆಗೆ ಓಡಿಸುವುದು ಅವರ ಉಪಾಯ. (ಇಬ್ಬರ ನಾಲಿಗೆಯೂ.) ಮೊದಲು ಬಂದದ್ದು ನಿವೃತ್ತ ಲೈಬ್ರರಿಯನ್ ದಂಪತಿ. ಮೂಲೆಯಲ್ಲಿ ಮುದುಡಿ ಮಲಗಿದ್ದ ಬಿರುಗಾಳಿಯನ್ನು ನೋಡಿ, "ಅಯ್ಯೋ, ಎಷ್ಟು ಸಾಧು!" ಎಂದು ಕರಗಿದರು.

"ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲಮ್ಮ," ಎಂದರು ಮಾಮ.

ಮರುದಿನವೇ ನಾಯಿ ವಾಪಸ್ಸು ಬಂತು, ಬಾಯಲ್ಲಿ ಅವರ ಪರದೆಯ ತುಂಡಿನ ಸಮೇತ. ಎರಡನೆಯವರು ಮಡಕೆ ಮಾಡುವವರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಬಿರುಗಾಳಿಯ ಬಾಲಕ್ಕೆ ಅಷ್ಟೂ ಬೇಕಾಗಲಿಲ್ಲ.

ಆ ಸಲ ಮರಳಿ ಬಂದ ನಾಯಿ ಕುಣಿಯಲಿಲ್ಲ. ಕತ್ತರಿಸುವ ಮೇಜಿನ ಕೆಳಗೆ ನುಸುಳಿ ಗೋಡೆಗೆ ಮುಖ ಮಾಡಿ ಮಲಗಿತು. ಮಾಮ ಟೇಪನ್ನು ತಾವಾಗಿಯೇ ನೆಲಕ್ಕೆ ಬಿಟ್ಟು ಅಲ್ಲಾಡಿಸಿದರು. ನಾಯಿ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡಿತು.

"ಅವರು ಸುಸ್ತಾದ ನಾಯೀನ ಇಷ್ಟಪಟ್ಟು ಕರ್ಕೊಂಡು ಹೋದ್ರು," ಎಂದರು ಹೆಂಡತಿ. "ಎದ್ದ ನಾಯೀನ ನೀವು ತೋರಿಸಲೇ ಇಲ್ಲ. ಸುಳ್ಳು ಹೇಳಿದ್ದು ನೀವು, ಬೈಸಿಕೊಂಡಿದ್ದು ಅದು."

ಮಾಮನಿಗೆ ನಿಜಕ್ಕೂ ಸಂಕಟವಾಯಿತು. ಮೈಯ ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕದ ತಾನು, ಒಂದು ಜೀವವನ್ನು ಅಳತೆಯೇ ನೋಡದೆ ಎರಡು ಮನೆಗೆ ತುರುಕಿದೆನಲ್ಲ ಎನಿಸಿತು. ಆ ನಾಯಿ ಮತ್ತೆ ಟೇಪು ಕದಿಯುವವರೆಗೆ ಅವರು ಯಾರನ್ನೂ ಕರೆಯಲಿಲ್ಲ; ವಾರಗಟ್ಟಲೆ ದಿನವೂ ಮುಂಜಾನೆ ಅದನ್ನು ಮೈದಾನಕ್ಕೆ ಕರೆದೊಯ್ದು ಜೊತೆಗೆ ಓಡಿದರು, ಅಷ್ಟೇ.

ಮೂರನೆಯವರಾಗಿ ಬಂದದ್ದು ಶಾಲೆಯ ಪಿ.ಟಿ. ಟೀಚರ್. ಆ ದಿನ ಓಟವೂ ಇಲ್ಲ, ಇಸ್ತ್ರಿಯೂ ಇಲ್ಲ. ಅವರು ಕೂರುವ ಮೊದಲೇ ಒಂದು ಶೂ ಬಿರುಗಾಳಿಯ ಬಾಯಲ್ಲಿತ್ತು.

"ಇದು ಸಾಧು ಅಲ್ಲಮ್ಮ," ಎಂದರು ಮಾಮ ಒಂದೇ ಉಸಿರಿಗೆ. "ಪ್ಯಾಂಟು ಹರಿಯುತ್ತೆ, ಮಡಕೆ ಒಡೆಯುತ್ತೆ. ಬೆಳಿಗ್ಗೆ ಓಡದಿದ್ರೆ ಹುಚ್ಚು ಹಿಡಿಯುತ್ತೆ."

"ನನಗೂ ಹಾಗೇ ಮಾಮ," ಎಂದು ನಕ್ಕ ಟೀಚರ್, ಒಂದೇ ಶೂನಲ್ಲಿ ನಾಯಿಯ ಹಿಂದೆ ಓಡಿದರು.

ಬೀಳ್ಕೊಡುವಾಗ ಮಾಮ ಕಣ್ಣೊರೆಸಿಕೊಂಡು, ನೂಲಿನ ಚೂರು ಬಿತ್ತು ಎಂದರು.

"ಎರಡೂ ಕಣ್ಣಿಗಾ?" ಎಂದರು ಹೆಂಡತಿ.

ಮರುದಿನ ಬಿಸಿಲೇರುವವರೆಗೆ ಮಲಗುವುದೆಂದು ಮಾಮ ಹೊದ್ದುಕೊಂಡಿದ್ದರು. ಬೆಳಕು ಹರಿಯುವಾಗಲೇ ಬಾಗಿಲು ಬಡಿದ ಸದ್ದು. ತೆರೆದರೆ ಟೀಚರ್, ಪಕ್ಕದಲ್ಲಿ ಬಿರುಗಾಳಿ. ಮಾಮ ಮೊದಲು ನಾಯಿಯ ಬಾಯಿ ನೋಡಿದರು.

"ಏನು ಒಡೀತಮ್ಮಾ?"

"ಏನೂ ಇಲ್ಲ ಮಾಮ, ಮನೇಲಿ ಆರಾಮಾಗಿದೆ. ಆದ್ರೆ ಮೈದಾನಕ್ಕೆ ಹೊರಟ್ರೆ ನಿಮ್ಮ ಬಾಗಿಲಲ್ಲಿ ಕೂತುಬಿಡ್ತು, ಎಳೆದ್ರೂ ಏಳಲ್ಲ. ಓಡೋದು ಅಂದ್ರೆ ನಿಮ್ಮ ಜೊತೇನೇ ಅಂತ ಕಲಿತುಬಿಟ್ಟಿದೆ. ಬೇಗ ಬನ್ನಿ!"

"ಇದು ಎಷ್ಟು ದಿನ?" ಎಂದು ಮಾಮ ಹೆಂಡತಿಯ ಕಡೆ ತಿರುಗಿದರು.

ಆಗಲೇ ಅವರ ಶೂ ಹಿಡಿದು ನಿಂತಿದ್ದ ಹೆಂಡತಿ, "ಎರಡು ದಿನ ರೀ," ಎಂದರು.

ಮೈದಾನದ ಕೃಪೆಯಿಂದ ಮಾಮನ ಹೊಟ್ಟೆ ಕರಗಿ ಪ್ಯಾಂಟು ಸಡಿಲವಾಗಿತ್ತು. ಊರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಡುವ ಟೈಲರ್ ಮಾಮ, ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದರಲ್ಲಿ ಸ್ವಂತ ಪ್ಯಾಂಟು ಹಿಡಿದುಕೊಂಡು ಓಡತೊಡಗಿದರು.