ಸಾಲಿಗೊಂದು ನಂಬರು

ಯಲಹಂಕದ ಒಂದು ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆಂದು ಶೇಷಗಿರಿ ಬರೆದ ದುರಂತ ನಾಟಕ ಸಂಜೆ ರಂಗವೇರಬೇಕಿತ್ತು. ಬೆಳಿಗ್ಗೆಯ ತಾಲೀಮು ಮಾತ್ರ ಹಳ್ಳಕ್ಕೆ ಬಿದ್ದ ಆಟೋದಂತೆ ನಿಂತಲ್ಲೇ ನಿಂತಿತ್ತು. ಎಲ್ಲರೂ ನಾಟಕವನ್ನು ಮೊಬೈಲಿನಲ್ಲಿ ಓದುತ್ತಿದ್ದರು. ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಗಾತ್ರದ ಅಕ್ಷರ; ಒಬ್ಬರ ಪುಟ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ.

"'ಹಾ ವಿಧಿಯೇ' ಇಂದ ತಗೊಳ್ಳಿ," ಎಂದ ಶೇಷಗಿರಿ.

"ಯಾವ 'ಹಾ ವಿಧಿಯೇ' ಸಾರ್? ಹೆಜ್ಜೆಗೊಂದು ಬರ್ದಿದೀರ!" ಎಂದರು ರಾಜನ ಪಾತ್ರದ ಚಿಕ್ಕಬೈರಪ್ಪ. ನಿವೃತ್ತ ಬಸ್ ಡ್ರೈವರು. ಅಂದು ಕೊಡಲಿದ್ದ ಉತ್ತಮ ನಟನ ಕಪ್ಪಿನ ಮೇಲೆ ಅವರಿಗೆ ಭಾರೀ ಕಣ್ಣು.

ರಂಗದ ಪರದೆಯ ಹಿಂದೆ ನಿಂತು ಮಾತು ನೆನಪಿಸುವ ಕೆಲಸ ಬ್ಯಾಂಕಿನ ಮಹತಿಯದು. "ಸಾಲಿಗೆ ನಂಬರ್ ಹಾಕೋ ವೆಬ್‌ಸೈಟ್ ಇದೆ ಸರ್. ಪೇಸ್ಟ್ ಮಾಡಿದ್ರೆ ಸಾಕು," ಎಂದಳು.

ಶೇಷಗಿರಿ ಇಡೀ ನಾಟಕವನ್ನು ಅಲ್ಲಿ ಅಂಟಿಸಿ ಬಟನ್ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಸಂಖ್ಯೆಗಳು ಪ್ರಾರ್ಥನೆಗೆ ನಿಂತ ಶಾಲಾ ಮಕ್ಕಳಂತೆ ಎಡಗಡೆ ಸಾಲಾಗಿ ನಿಂತವು. ಒಂದೂ ಹಿಂದೆ ಮುಂದೆ ಇಲ್ಲ, ಒಂದೂ ತಪ್ಪಿಲ್ಲ.

"ಲಾಗಿನ್ನೂ ಕೇಳ್ಲಿಲ್ಲ ಕಣ್ರೀ! ಎಂಥಾ ಪುಣ್ಯಾತ್ಮರು ಮಾಡಿಟ್ಟಿದಾರೋ!" ಎಂದು ರಾಣಿಯ ಪಾತ್ರದ ಕೌಸಲ್ಯಾ ಮೊಬೈಲಿಗೇ ಕೈ ಮುಗಿದರು.

ನಂಬರು ಬಿದ್ದ ನಾಟಕ ಎಲ್ಲರ ಮೊಬೈಲಿಗೂ ಹೋದಮೇಲೆ ತಾಲೀಮು ರೈಲಿನಂತೆ ಓಡಿತು. ಮಹತಿ "ಎಪ್ಪತ್ತೆರಡು" ಎಂದರೆ ರಾಜ ಗರ್ಜಿಸುತ್ತಿದ್ದ. "ಎಪ್ಪತ್ಮೂರು" ಎಂದರೆ ರಾಣಿ ಅಳುತ್ತಿದ್ದಳು. ಶೇಷಗಿರಿಯ ಎದೆ ಉಬ್ಬಿತು.

ಸಂಜೆ ಕೊನೆಯ ದೃಶ್ಯ. ಬಾಣ ತಗುಲಿದ ರಾಜ ರಾಣಿಯ ತೊಡೆಯ ಮೇಲೆ ಒರಗಿದ್ದ. ಮುಂದಿನ ಸಾಲಿನ ಅಜ್ಜಿಯರು ಆಗಲೇ ಸೆರಗು ಕಣ್ಣಿಗೊತ್ತಿದ್ದರು. ಅಷ್ಟರಲ್ಲಿ ಚಿಕ್ಕಬೈರಪ್ಪನವರಿಗೆ ಮಾತು ಮರೆತುಹೋಯಿತು.

"ಇನ್ನೂರ ತೊಂಬತ್ತು," ಮಹತಿ ಪಿಸುಗುಟ್ಟಿದಳು.

ರಾಜ ಎದೆ ಹಿಡಿದುಕೊಂಡು ಕೂಗಿದ: "ಹಾ ವಿಧಿಯೇ! ಇನ್ನೂರ ತೊಂಬತ್ತು!"

ಸಭೆಯಲ್ಲಿ ಕಿಸಕ್ಕೆಂದು ನಗು.

ಗಾಬರಿಯಲ್ಲಿ ರಾಣಿ ಲೆಕ್ಕ ತಪ್ಪಿ, "ಅದು ನನ್ನ ನಂಬರ್ ಕಣ್ರೀ, ನಿಮ್ದು ಎಂಬತ್ತೊಂಬತ್ತು!" ಎಂದಳು.

"ಅದ್ ಆಗ್ಲೇ ಹೇಳಾಯ್ತಲ್ಲಮ್ಮ!"

ಪಕ್ಕದಲ್ಲಿ ಬಿದ್ದಿದ್ದ ಸೇನಾಪತಿ, ಧಾರವಾಡದ ಸಂಗಮೇಶ, ತಲೆಯೆತ್ತಿದ. "ಇಬ್ರೂ ಸುಮ್ನಿರ್ರಿ. ತೊಂಬತ್ತೊಂದು ನಂದೈತಿ."

"ಸತ್ತೋನು ನೀನ್ಯಾಕೆ ಮಾತಾಡ್ತೀಯೋ?" ಎಂದು ರಾಜ ಗದರಿದ.

"ನಾ ಇನ್ನೂ ಸತ್ತಿಲ್ರಿ. ತೊಂಬತ್ತೈದಕ್ಕ ಸಾಯಾಂವ!"

ಸಭೆ ಬಿದ್ದು ಬಿದ್ದು ನಕ್ಕಿತು. ಶೇಷಗಿರಿಗೆ ತಡೆಯಲಾಗಲಿಲ್ಲ. ವೇದಿಕೆಗೆ ಓಡಿಬಂದು ಕೈ ಮುಗಿದ. "ದಯವಿಟ್ಟು ನಗಬೇಡಿ! ಇದು ದುರಂತ ನಾಟಕ! ಅತ್ತು ಅತ್ತು ಬರೆದಿದೀನಿ!" ಕಣ್ಣಲ್ಲಿ ಧಾರಾಕಾರ ನೀರು. ಶಿಳ್ಳೆಗಳೆದ್ದವು; ಅಜ್ಜಿಯರು ಪಕ್ಕೆ ಹಿಡಿದುಕೊಂಡರು. ಯಾರೋ ಪರದೆ ಇಳಿಸಿದರು.

ಮುಖ್ಯ ಅತಿಥಿ, ಮತ್ತಿಕೆರೆಯಲ್ಲಿ ನೆಲೆಸಿದ್ದ ಧಾರವಾಡ ಕಡೆಯ ಹಿರಿಯ ರಂಗಕರ್ಮಿ ಅಪ್ಪಾಸಾಹೇಬರು, ಕಣ್ಣೊರೆಸಿಕೊಳ್ಳುತ್ತಾ ಮೈಕ್ ಹಿಡಿದರು. "ಇಂಥಾ ನಗಿನಾಟಕ ನೋಡಿ ಭಾಳ ವರ್ಷ ಆಗಿತ್ರಿ. ಎಲ್ಲಾರೂ ಚಲೋ ಮಾಡ್ಯಾರ. ಆದ್ರ ಉತ್ತಮ ನಟನ ಕಪ್ಪು, ಕಡೀಕ್ ಬಂದು ಅತ್ರಲ್ಲಾ, ಅವರಿಗೇ!"

ಚಿಕ್ಕಬೈರಪ್ಪ ಕಿರೀಟ ಕಿತ್ತು ಕೆಳಗಿಟ್ಟರು. "ನಂಬರೇ ಇಲ್ಲದ ಡೈಲಾಗ್ ಹೊಡ್ದು ಕಪ್ ಹೊಡ್ಕೊಂಡ್ರಲ್ಲ ಸಾರ್! ಇನ್ಮೇಲೆ ನಿಮ್ಮ ನಾಟಕದ ಸಹವಾಸ ಬೇಡ."

ಕಪ್ಪನ್ನು ಎದೆಗವಚಿಕೊಂಡು ಶೇಷಗಿರಿ ಮತ್ತೆ ಬಿಕ್ಕಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.